ಪುಸ್ತಕದ ಮಾತಿಗೆ ಯಾವ ಹೋಟೆಲ್ ಒಳ್ಳೆಯದು?

ತಿಂಗಳಿಗೊಂದು ಪುಸ್ತಕ ಓದಿ, ರಾತ್ರಿ ಊಟಕ್ಕೆ ಸೇರಿ ಅದರ ಬಗ್ಗೆ ಮಾತಾಡುವ ಗುಂಪು ನಮ್ಮದು. ಎಲ್ಲರೂ ಬೆಂಗಳೂರಿನಲ್ಲಿರುವವರು, ಹೆಚ್ಚಿನವರು ಆಫೀಸಿನಿಂದ ನೇರ ಬರುವವರು. ಮೂರು ತರದ ಜಾಗ ನೋಡಿದ ಮೇಲೆ ನನ್ನ ಓಟು ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ಗೆ.

ದರ್ಶಿನಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಶುರುವಾಗಿದ್ದೇ ಬೇಗ ತಿಂದು ಹೊರಡುವವರಿಗಾಗಿ. ಕಡಿಮೆ ದುಡ್ಡಿಗೆ ಬಿಸಿ ದೋಸೆ, ಒಳ್ಳೆ ಕಾಫಿ ಸಿಗುತ್ತದೆ. ನಿಂತುಕೊಂಡು ಎರಡು ಗಂಟೆ ಚರ್ಚೆ ಮಾತ್ರ ಆಗಲ್ಲ.

ಆಮೇಲೆ ಒಂದು ಎಸಿ ಫ್ಯಾಮಿಲಿ ರೆಸ್ಟೋರೆಂಟ್. ಊಟ ಚೆನ್ನಾಗಿತ್ತು, ಪಾರ್ಕಿಂಗೂ ಇತ್ತು. ತೊಂದರೆ ಬೆಳಕಿನದು. ನಮ್ಮಲ್ಲಿ ಪ್ರತಿಯೊಬ್ಬರೂ ತಮಗೆ ಹಿಡಿಸಿದ ಒಂದು ಭಾಗ ಗಟ್ಟಿಯಾಗಿ ಓದಬೇಕು. ಅಲ್ಲಿ ಮೇಜಿಗೊಂದು ಮಂದ ಹಳದಿ ದೀಪ. ಪುಸ್ತಕವೋ ಹಳೇ ಮುದ್ರಣ, ಸಣ್ಣ ಅಕ್ಷರ. ಒಬ್ಬರು ಓದಿದರೆ ಪಕ್ಕದವರು ಫೋನಿನ ಟಾರ್ಚ್ ಹಿಡಿಯಬೇಕಾಯಿತು.

ಸಾಲದ್ದಕ್ಕೆ ತಲೆ ಮೇಲೆ ಸ್ಪೀಕರ್. ಹಾಡು ಕಡಿಮೆ ಮಾಡಿ ಅಂದರೆ ಸ್ವಲ್ಪ ಹೊತ್ತು ಕಡಿಮೆ, ಮತ್ತೆ ಅಷ್ಟೇ ಜೋರು. ಮೇಜು ಉದ್ದ, ಈ ತುದಿಯಲ್ಲಿ ಓದಿದ್ದು ಆ ತುದಿಗೆ ಕೇಳುತ್ತಿರಲಿಲ್ಲ. ಆ ಕಡೆಯವರು ಸೈಟಿನ ರೇಟಿನ ಮಾತಿಗೆ ಇಳಿದರು. ಓದುವುದೇ ಬಿಟ್ಟುಹೋದರೆ ಸೇರಿ ಏನು ಪ್ರಯೋಜನ? ಧಾರವಾಡದ ಕಡೆಯ ಮಾತಿರುವ ಕಥೆಯನ್ನು ಕಣ್ಣಲ್ಲಿ ಓದುವಾಗ ಎಡವುತ್ತೇವೆ. ಧಾರವಾಡದವರೇ ಗಟ್ಟಿಯಾಗಿ ಓದಿದರೆ ಥಟ್ಟನೆ ತಿಳಿಯುತ್ತದೆ, ಅಲ್ವಾ?

ಕೋಶೀಸ್ 1940ರಲ್ಲಿ ಬೇಕರಿಯಾಗಿ ಶುರುವಾದದ್ದು. ಪತ್ರಕರ್ತರು, ಕಲಾವಿದರು ಗಂಟೆಗಟ್ಟಲೆ ಕೂತು ಹರಟಿದ ಜಾಗ. ಕಾಫಿ ಮುಗಿದ ಮೇಲೂ ಸುಮ್ನೆ ಕೂತಿದ್ದರೆ ನಮ್ಮನ್ನು ಯಾರೂ ಎಬ್ಬಿಸಿಲ್ಲ. ಅಕ್ಷರ ಕಾಣುತ್ತದೆ, ಮಾತು ಕೇಳುತ್ತದೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಹತ್ತಿರದಲ್ಲೇ ಇರುವುದರಿಂದ ಮುಂದಿನ ತಿಂಗಳ ಪುಸ್ತಕವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿಕೊಂಡೇ ಬರಬಹುದು. ಎಂ.ಜಿ. ರೋಡ್ ಮೆಟ್ರೊ ಸ್ಟೇಷನ್‌ಗೆ ನಡೆದೇ ಹೋಗಬಹುದು. ಜಯನಗರದವರು ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಿಸಿದರಾಯಿತು.

ಪೂರ್ತಿ ಊಟ ಮಾಡಿದರೆ ದರ್ಶಿನಿಗಿಂತ ಖರ್ಚು ಬಹಳ ಜಾಸ್ತಿ. ನಾನು ರಾತ್ರಿ ಕಡಿಮೆ ತಿನ್ನುವವಳು, ಒಂದು ಕಟ್ಲೆಟ್, ಕಾಫಿ ಸಾಕು, ಹಾಗಾಗಿ ನನ್ನ ಜೇಬಿಗೆ ಹೊರೆಯಿಲ್ಲ. ಮಾಂಸ ಬೇಯಿಸದ ಅಡುಗೆಮನೆಯೇ ಬೇಕು ಅನ್ನುವವರಿಗೆ ಈ ಜಾಗ ಆಗಿಬರುವುದಿಲ್ಲ. ಶನಿವಾರ ರಾತ್ರಿ ದೊಡ್ಡ ಗುಂಪಿಗೆ ಮೇಜು ಸಿಗುವುದು ಕಷ್ಟ. ಮಂಗಳವಾರವೋ ಬುಧವಾರವೋ ಇಟ್ಟುಕೊಳ್ಳಿ.