ದೇವದೂತನ ರೆಕ್ಕೆಗೆ ಅಡಿಕೆ ಹಾಳೆ: ಥರ್ಮೋಕೋಲಿಗಿಂತ ಎಷ್ಟೋ ಮೇಲು

ಇಗರ್ಜಿಯ ಕ್ರಿಸ್‌ಮಸ್ ನಾಟಕದಲ್ಲಿ ದೇವದೂತ ಗಾಬ್ರಿಯೇಲನ ರೆಕ್ಕೆಗೆ ಥರ್ಮೋಕೋಲ್ ತರುವವರು ಒಮ್ಮೆ ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಪೊರೆ, ನೋಡಲೇಬೇಕು. ಸ್ಪ್ರೇ ಪೇಂಟ್ ಬಿದ್ದರೆ ಥರ್ಮೋಕೋಲ್ ಕರಗಿ ಗುಳಿ ಬೀಳುತ್ತದೆ, ರಬ್ಬರ್ ಅಂಟು ತಾಗಿದರೂ ಅದೇ ಗತಿ. ಪರದೆ ಸಂದಿಯಲ್ಲಿ ಮಗು ತಿರುಗಿದರೆ ತುದಿ ಮುರಿದೇ ಹೋಗುತ್ತದೆ. ಹಾಳೆ ಹಗುರ, ಬಾಗುತ್ತದೆ, ಪೆಟ್ಟು ತಡೆಯುತ್ತದೆ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಒಂದಂಕ ಕಳೆಯುವುದು ಬೂಷ್ಟಿಗಾಗಿ.

ಶಿರಸಿ, ಸಿದ್ದಾಪುರ ಕಡೆಯ ಹಾಳೆತಟ್ಟೆ ಘಟಕಗಳಲ್ಲಿ ಇನ್ನೂ ತಟ್ಟೆಯಾಗಿ ಒತ್ತದ ಹಾಳೆ ಕೇಳಿ ಪಡೆಯಿರಿ. ಒಳಮೈ ಕೆನೆಬಣ್ಣ ಇರಬೇಕು. ಮಳೆಗಾಲದಲ್ಲಿ ಬಿದ್ದು ನೆನೆದ ಹಾಳೆಯಲ್ಲಿ ಕಪ್ಪು ಚುಕ್ಕೆ ಇರುತ್ತದೆ, ಅದು ಬೇಡ. ಹತ್ತು ವರ್ಷದ ಮಗುವಿನ ಜೋಡಿ ರೆಕ್ಕೆಗೆ ಅಗಲದ ಎಂಟು ಹಾಳೆ, 10 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ ಆರು ಮೀಟರ್, 8×6 ಇಂಚಿನ ಪ್ಲೈವುಡ್ ತುಂಡು, ನೈಲಾನ್ ದಾರ, ದಬ್ಬಣ, ಹತ್ತಿಯ ಪಟ್ಟಿ ಸಾಕು.

ಹಾಳೆಯನ್ನು ಅರ್ಧ ಗಂಟೆ ನೆನೆಸಿ. ಹಾಳೆ ಒದ್ದೆ ಇರುವಾಗಲೇ ಕತ್ತರಿಯೂ ದಬ್ಬಣವೂ ಆಡಬೇಕು. ಒಣಗಿದ ಮೇಲೆ ತೂತು ಹೊಡೆದರೆ ನಾರಿನ ಗುಂಟ ಸೀಳು ಓಡುತ್ತದೆ. ಗರಿಯ ಉದ್ದ ನಾರಿನ ದಿಕ್ಕಿಗೇ ಇರಲಿ: ಕೆಳಸಾಲಿಗೆ 14 ಇಂಚು, ನಡುವಿಗೆ 9, ಮೇಲಕ್ಕೆ 5. ಅಗಲ ಎರಡೂವರೆ ಇಂಚು. ಬುಡದಲ್ಲಿ ಅಂಚಿನಿಂದ ಅರ್ಧ ಇಂಚು ಬಿಟ್ಟು ಎರಡು ತೂತು. ಒಂದೇ ಆದರೆ ಗರಿ ಗಿರಕಿ ಹೊಡೆಯುತ್ತದೆ.

ಒಣಗಿಸುವುದರಲ್ಲೇ ಹೆಚ್ಚಿನವರು ಎಡವುವುದು. ಕತ್ತರಿಸಿದ್ದನ್ನು ಹಾಗೇ ಬಿಸಿಲಿಗೆ ಹರವಿದರೆ ಸುರುಳಿ ಸುತ್ತುತ್ತದೆ. ಬಟ್ಟೆಯಿಂದ ಒರೆಸಿ, ಎರಡು ಹಲಗೆ ನಡುವೆ ಒಂದು ರಾತ್ರಿ ಭಾರ ಹೇರಿಡಿ, ಆಮೇಲೆ ಎರಡು ದಿನ ಒಳ್ಳೆ ಬಿಸಿಲು ಕೊಡಿ. ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಕಾರವಾರದ ಸಮುದ್ರಗಾಳಿಗೆ ಅರೆ ಒಣಗಿದ ಹಾಳೆ ಬೂಷ್ಟು ಹಿಡಿಯುವುದಕ್ಕೆ ತಡವಿಲ್ಲ. ಮಗುವಿನ ಮೂಗಿನ ಹತ್ತಿರವೇ ಇರುವ ಸಾಮಾನು ಇದು, ಬೂಷ್ಟು ಕಂಡ ಗರಿಯನ್ನು ಎಸೆದುಬಿಡಿ.

ತಂತಿಯ ಚೌಕಟ್ಟಿಗೆ ಮೂರು ಅಡ್ಡತಂತಿ ಕೊಟ್ಟು, ಕೆಳಸಾಲಿನಿಂದ ಮೇಲಕ್ಕೆ ಹಂಚು ಹೊದೆಸಿದ ಹಾಗೆ ಒಂದರ ಮೇಲೊಂದು ಬರುವಂತೆ ಹೊಲಿಯಿರಿ. ಒಳಮೈ ನುಣುಪು, ಅಂಟು ಹಿಡಿಯುವ ಭರವಸೆ ಇಲ್ಲ. ಬಣ್ಣವೂ ಬೇಡವೆಂದೇ ಹೇಳುತ್ತೇನೆ. ಒಂದೇ ಮಗ್ಗುಲಿಗೆ ನೀರಿನ ಬಣ್ಣ ಬಳಿದರೆ ಅಂಚು ಮತ್ತೆ ಮುದುರುತ್ತದೆ. ಬಣ್ಣವಿಲ್ಲದ ಹಾಳೆ ಹಳದಿ ದೀಪದ ಕೆಳಗೆ ದಂತದ ಹಾಗೆ ಹೊಳೆಯುತ್ತದೆ, ನಾರಿನ ಗೆರೆಗಳು ನಿಜವಾದ ಗರಿಯಂತೆಯೇ ಕಾಣುತ್ತವೆ.

ಪ್ಲೈವುಡ್ ಬೆನ್ನಿನ ನಡುವೆ ಕೂರಬೇಕು, ಪಟ್ಟಿ ಎದೆಯ ಮೇಲೆ ಅಡ್ಡಡ್ಡ ಹಾಯಬೇಕು. ಬರೀ ಹೆಗಲಿಗೆ ಹಾಕಿದರೆ ಗೋದಲಿಯ ಮುಂದೆ ಮಗು ಬಾಗಿದಾಗ ರೆಕ್ಕೆ ತಲೆ ಮೇಲೆ ಬರುತ್ತದೆ. ಒಟ್ಟು ಅಗಲ ಮೂರೂವರೆ ಅಡಿ ಮೀರದಿರಲಿ. ಒಣ ಹಾಳೆಗೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಮೇಣದ ಬತ್ತಿ ಹಿಡಿದವರನ್ನು ದೇವದೂತನ ಹಿಂದೆ ನಿಲ್ಲಿಸಬೇಡಿ. ನಾಟಕ ಮುಗಿದ ಮೇಲೆ ಪ್ಲಾಸ್ಟಿಕ್ ಚೀಲಕ್ಕೆ ತುಂಬದೆ ಪೇಪರ್ ಸುತ್ತಿ ಅಟ್ಟದಲ್ಲಿಡಿ.