ಮದುವೆ ಸೌಂಡ್‌ನವರ ಕೈಯಲ್ಲಿ ನಮ್ಮ ಹಳೆ ಪ್ಲೇಟುಗಳು: ಐದಕ್ಕೆ ಮೂರೂವರೆ

ಮೊದಲೇ ಹೇಳಿಬಿಡುತ್ತೇನೆ. ಅಂಗಡಿ ಒಳ್ಳೆಯದು, ಅವರ ಪ್ಯಾಕೇಜ್ ಮಾತ್ರ ನಮ್ಮಂಥವರಿಗಲ್ಲ. ಮುಂಬಯಿಯ ದಾದರ್ ಈಸ್ಟ್‌ನಲ್ಲಿರುವ ಮದುವೆ-ಮುಂಜಿಗೆ ಸ್ಪೀಕರ್, ಮೈಕ್ ಕೊಡುವ ಸೌಂಡ್ ಬಾಡಿಗೆ ಅಂಗಡಿ ಇದು. ಹೆಸರು ಬೇಡ ಬಿಡಿ, ಮುಂದೆ ಬೈಗುಳವೂ ಇದೆ.

ನಮ್ಮದು ಸಣ್ಣ ಗುಂಪು. ಮಾಟುಂಗ, ಠಾಣೆ, ಡೊಂಬಿವಲಿ ಕಡೆಯ ಕನ್ನಡದವರು. ಸಂಗೀತ ನಿರ್ದೇಶಕರಾದ ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ಗಾಯಕ ಪಿ.ಬಿ. ಶ್ರೀನಿವಾಸ್ ಅಂದರೆ ಊಟ ಬಿಟ್ಟು ಕೂರುವ ಜನ. ಮಾಟುಂಗದಲ್ಲಿ ಒಂದು ಹಾಲ್ ಹಿಡಿದು, ಅವರವರ ಮನೆಯ ಗ್ರಾಮಾಫೋನ್ ಪ್ಲೇಟು ತಂದು, ಬೆಳಗ್ಗಿಂದ ಸಂಜೆ ತನಕ ಕೇಳೋದು, ಮಧ್ಯೆ ಜಗಳ ಆಡೋದು, ಇಷ್ಟೇ ಸಮ್ಮೇಳನ. ಸ್ಪಾನ್ಸರ್ ಇಲ್ಲ. ತಲೆಗಿಷ್ಟು ಅಂತ ಕೈಯಿಂದ ಹಾಕಿದ ದುಡ್ಡು.

ಫೋನ್ ಮಾಡಿದಾಗ ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ, ‘ಕಿತನಾ ಪಬ್ಲಿಕ್?’ ಅರವತ್ತು ಎಂದೆ. ಎರಡು ಟಾಪ್ (ಮುಖ್ಯ ಸ್ಪೀಕರ್), ಎರಡು ಬೇಸ್ ಬಾಕ್ಸ್ (ಕೆಳದನಿಯ ಸ್ಪೀಕರ್), ಸದ್ದು ಹೊಂದಿಸುವ ಮಿಕ್ಸರ್, ನಾಲ್ಕು ಕಾರ್ಡ್‌ಲೆಸ್ ಮೈಕ್, ಮೇಲೊಂದಿಷ್ಟು ಬಣ್ಣದ ಲೈಟು, ಎಲ್ಲಾ ಸೇರಿ ಹನ್ನೆರಡು ಸಾವಿರ, ಟೆಂಪೋ ಬಾಡಿಗೆ ಬೇರೆ. ಕೂತು ಹಾಡು ಕೇಳುವವರಿಗೆ ಲೈಟು ಯಾಕೆ ಸ್ವಾಮಿ? ಬೇಸ್ ಬಾಕ್ಸ್ ಅಂತೂ ಬೇಡವೇ ಬೇಡ. 1960ರ ದಶಕದ ಮೊನೊ ರೆಕಾರ್ಡಿನಲ್ಲಿ ಅಷ್ಟು ಕೆಳಗಿನ ಸದ್ದು ಇರೋದೇ ಕಡಿಮೆ, ಬರೋದು ಪ್ಲೇಯರ್ ಮೋಟರಿನ ಗುಡುಗುಡು. ಸಾಲದ್ದಕ್ಕೆ ಬಾಕ್ಸಿನ ಅದುರು ನೆಲ, ಮೇಜು ಹಾದು ಸೂಜಿಗೆ ತಲುಪಿ, ಅಲ್ಲಿಂದ ಮತ್ತೆ ಸ್ಪೀಕರಿಗೇ ಹೋಗಿ, ಹಾಲ್ ಪೂರ್ತಿ ಗುಂಯ್ ಅನ್ನಲು ಶುರುವಾಗುತ್ತದೆ. ಬೇಡ ಅಂದರೂ ‘ಪ್ಯಾಕೇಜ್‌ನಲ್ಲಿದೆ, ರೇಟು ಅಷ್ಟೇ’ ಅಂದರು. ಚೌಕಾಸಿ ಮಾಡಿ ಮಾಡಿ, ಲೈಟು ಮತ್ತು ಬೇಸ್ ತೆಗೆಸಿ, ಮೈಕ್ ಎರಡಕ್ಕೆ ಇಳಿಸಿದ ಮೇಲೆ ಏಳೂವರೆ ಸಾವಿರಕ್ಕೆ ಬಂತು. ನೀವೂ ಬಿಡಬೇಡಿ.

ಎಂಟಕ್ಕೆ ಬರಬೇಕಿದ್ದ ಟೆಂಪೋ ಒಂಬತ್ತೂವರೆಗೆ ಬಂತು. ಭಾನುವಾರ ಹಳಿ ದುರಸ್ತಿಗೆ ಲೋಕಲ್ ರೈಲು ತಡೆಯುವ ಮೆಗಾ ಬ್ಲಾಕ್‌ನಿಂದ ಡೊಂಬಿವಲಿಯವರೂ ತಡವಾದ್ದರಿಂದ ನಮ್ಮ ಮಾನ ಉಳಿಯಿತು.

ಈಗ ಮುಖ್ಯ ವಿಷಯ. ರೆಕಾರ್ಡ್ ಪ್ಲೇಯರನ್ನು ನೇರವಾಗಿ ಮಿಕ್ಸರಿಗೆ ಚುಚ್ಚಿದರೆ ಆಗೋದಿಲ್ಲ. ಪ್ಲೇಟು ಕೊರೆಯುವಾಗಲೇ ಬೇಸ್ ತಗ್ಗಿಸಿ, ಟ್ರೆಬಲ್ (ಮೇಲಿನ ತೀಕ್ಷ್ಣ ಸದ್ದು) ಏರಿಸಿರುತ್ತಾರೆ. ಅದನ್ನು ತಿರುಗಿ ಸರಿಮಾಡೋಕೆ ಫೋನೋ ಪ್ರಿಆಂಪ್ ಬೇಕು. ಅದಿಲ್ಲದಿದ್ದರೆ ಪಿ.ಬಿ.ಎಸ್. ದನಿ ಕೂಡ ತಗಡಿನ ಡಬ್ಬಿಯಿಂದ ಬಂದ ಹಾಗಿರುತ್ತದೆ. ಇದನ್ನು ಫೋನಿನಲ್ಲೇ ಕೇಳಿದ್ದೆವು, ‘ಸಬ್ ಹೈ ಸಾಬ್’ (ಎಲ್ಲಾ ಇದೆ ಸಾರ್) ಅಂದಿದ್ದರು. ಟೆಂಪೋದಲ್ಲಿ ಇರಲಿಲ್ಲ.

ನಮ್ಮನ್ನು ಕಾಪಾಡಿದ್ದು ಅವರ ಆಪರೇಟರ್. ಐವತ್ತು ದಾಟಿದ ಸಾಂಗ್ಲಿಯವರು, ಮಾತು ಕಡಿಮೆ. ಮೊದಲು ಪ್ಲೇಯರಿನ ಅರ್ಥ್ ವೈರನ್ನು ಮಿಕ್ಸರಿನ ಸ್ಕ್ರೂಗೆ ಕಟ್ಟಿದರು, ಗುಂಯ್ ಅನ್ನುತ್ತಿದ್ದ ಹಮ್ ನಿಂತಿತು. ಆಮೇಲೆ ಕಿವಿ ಕೊಟ್ಟು ಕೇಳುತ್ತಾ ಟ್ರೆಬಲ್ ಇಳಿಸಿ, ಬೇಸ್ ಏರಿಸಿ ತಕ್ಕಮಟ್ಟಿಗೆ ದನಿ ತಂದರು. ಅಷ್ಟರಲ್ಲೇ ಅಂಗಡಿಗೆ ಫೋನ್ ಮಾಡಿ, ಮೂಲೆಯಲ್ಲಿ ಬಿದ್ದಿದ್ದ ಹಳೆ ಡಿಜೆ ಮಿಕ್ಸರನ್ನು ಸ್ಕೂಟರಿನಲ್ಲಿ ತರಿಸಿದರು. ಅದರಲ್ಲಿ ಫೋನೋ ಇನ್‌ಪುಟ್ (ಒಳಗೇ ಆ ಪ್ರಿಆಂಪ್) ಇತ್ತು! ಅಂದರೆ ಮಾಲೀಕರು ಹೇಳಿದ್ದು ಸುಳ್ಳಲ್ಲ, ಇದೆ ಅಂತ ಅವರಿಗೇ ಗೊತ್ತಿರಲಿಲ್ಲ ಅಷ್ಟೇ. ಅದು ಬಂದ ಮೇಲೆ ಮೊದಲ ಪ್ಲೇಟು ಹಾಕಿದಾಗ ಹಿಂದಿನ ಸಾಲಿನ ಹಿರಿಯರೊಬ್ಬರು ‘ಹಾಂ, ಈಗ ಪಿಟೀಲು ಪಿಟೀಲಿನ ಹಾಗೆ ಕೇಳ್ತಿದೆ’ ಅಂದರು. ಮೂರೂವರೆಯಲ್ಲಿ ಎರಡು ಈ ಆಪರೇಟರ್‌ಗೇ ಸೇರಬೇಕು. ಬುಕ್ ಮಾಡುವಾಗ ಅವರನ್ನೇ ಕಳಿಸಿ ಅಂತ ಹಟ ಹಿಡಿಯಿರಿ, ಸ್ಪೀಕರ್ ಯಾವ ಕಂಪನಿಯದಾದರೂ ಪರವಾಗಿಲ್ಲ.

78 ಆರ್‌ಪಿಎಂ ಪ್ಲೇಟು ಇದ್ದರೆ ಅದಕ್ಕೆ ಬೇರೆ ಸೂಜಿ ನೀವೇ ತನ್ನಿ. ಅದರ ಗೆರೆ ಅಗಲ, ನಂತರ ಬಂದ ಸಣ್ಣ ಗೆರೆಯ ಎಲ್‌ಪಿ ಪ್ಲೇಟಿನ ಸೂಜಿ ತಳದಲ್ಲಿ ಓಡಾಡಿ ಬರೀ ಗರಗರ ಅನ್ನುತ್ತದೆ. ಈಗಿನ ಎಷ್ಟೋ ಪ್ಲೇಯರುಗಳಲ್ಲಿ 78ರ ವೇಗವೇ ಇಲ್ಲ, ಅದನ್ನೂ ನೋಡಿಕೊಳ್ಳಿ.

ಹಾಡು ಹಾಕೋಕೆ ಲೈಸೆನ್ಸ್ ಬೇಕೋ ಬೇಡವೋ ನೋಡೋದು ಅಂಗಡಿಯವರ ಕೆಲಸವಲ್ಲ. ಆದರೂ ಮಾಲೀಕರು ‘ಪುರಾನಾ ಗಾನಾ ಹೈ, ಕುಛ್ ನಹೀ ಲಗತಾ’ (ಹಳೆ ಹಾಡು, ಏನೂ ಬೇಕಿಲ್ಲ) ಅಂತ ಪುಕ್ಕಟೆ ಸಲಹೆ ಕೊಟ್ಟರು. ನಂಬಬೇಡಿ. ಧ್ವನಿಮುದ್ರಣದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ, ಸರಿ. ಆದರೆ ಸಾಹಿತ್ಯ, ಸಂಗೀತದ ಹಕ್ಕು ಮಾಡಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಜಿ.ಕೆ. ವೆಂಕಟೇಶ್ ಹೋಗಿದ್ದು 1993ರಲ್ಲಿ, 2053ರ ತನಕ ಲೆಕ್ಕ ಹಾಕಿ. ಟಿಕೆಟ್ ಇಟ್ಟು ಹೊರಗಿನವರನ್ನು ಕರೆಯುವ ಯೋಚನೆ ಇದ್ದರೆ ಲೈಸೆನ್ಸ್ ಕೊಡುವ ಸಂಸ್ಥೆಗಳನ್ನು, ಅಂದರೆ ಧ್ವನಿಮುದ್ರಣಕ್ಕೆ ಪಿಪಿಎಲ್, ಸಾಹಿತ್ಯ-ಸಂಗೀತಕ್ಕೆ ಐಪಿಆರ್‌ಎಸ್, ಎರಡೂ ಕಡೆ ಮೊದಲೇ ವಿಚಾರಿಸಿ. ಎರಡೂ ಮುಂಬಯಿಯಲ್ಲೇ ಇವೆ.

ಡಿಪಾಸಿಟ್ ಅದೇ ರಾತ್ರಿ ವಾಪಸ್ ಬಂತು, ಡಿಜೆ ಮಿಕ್ಸರಿಗೆ ಜಾಸ್ತಿ ಕೇಳಲಿಲ್ಲ. ಕಳೆದ ಒಂದೂವರೆ ಅಂಕ ಪ್ಯಾಕೇಜ್ ಹಟಕ್ಕೆ ಮತ್ತು ಟೆಂಪೋಗೆ. ನಾವಂತೂ ಮತ್ತೆ ಇವರ ಹತ್ತಿರವೇ ಹೋಗುತ್ತೇವೆ. ಗಣಪತಿಯಿಂದ ನವರಾತ್ರಿ ಮುಗಿಯುವ ತನಕ ಮಾತ್ರ ಕೇಳಲೇಬೇಡಿ, ಆಗ ಒಂದು ಕೇಬಲ್ಲೂ ಸಿಗೋದಿಲ್ಲ.