ಚೀನಾ, ಅಮೆರಿಕ, ನಾರ್ವೆ: ಮಕ್ಕಳ ಕ್ಲಬ್‌ಗೆ ಯಾವ ದಾರಿ?

ಊರಲ್ಲಿ ಮಕ್ಕಳ ಕ್ರೀಡಾ ಕ್ಲಬ್ ಶುರು ಮಾಡಲು ಯಾವ ದೇಶವನ್ನು ನೋಡಿ ಕಲಿಯಬೇಕು ಅಂತ ಕೇಳಿದ್ದೀರಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾ, ಅಮೆರಿಕ ಎರಡಕ್ಕೂ ತಲಾ 40 ಚಿನ್ನ. ದಾರಿ ಮಾತ್ರ ಪೂರ್ತಿ ಬೇರೆ.

ಮೊದಲು ದುಡ್ಡು. ಚೀನಾದಲ್ಲಿ ಕ್ರೀಡಾ ಶಾಲೆಗಳನ್ನು ನಡೆಸುವುದು ಸರ್ಕಾರ. ಅಮೆರಿಕದ ಒಲಿಂಪಿಕ್ ಸಮಿತಿ ಸರ್ಕಾರದ ದುಡ್ಡು ನಂಬಿ ಕೂತಿಲ್ಲ. ಅಲ್ಲಿ ಭಾರ ಹೊರುವುದು ಕಾಲೇಜುಗಳು. ಆದರೆ ಕಾಲೇಜು ಸೇರುವ ತನಕ ಕೋಚಿಂಗ್ ಖರ್ಚು ಹೆಚ್ಚಾಗಿ ಅಪ್ಪ ಅಮ್ಮನ ತಲೆ ಮೇಲೆ. ನಾರ್ವೆಯ ಊರ ಕ್ಲಬ್ಬುಗಳಲ್ಲಿ ಸಂಬಳವಿಲ್ಲದೆ ದುಡಿಯುವವರೇ ಜಾಸ್ತಿ, ಅದರಲ್ಲೂ ಮಕ್ಕಳ ತಂದೆ ತಾಯಿ.

ವಯಸ್ಸಿನ ವಿಷಯಕ್ಕೆ ಬಂದರೆ ನಾರ್ವೆ ಅಚ್ಚರಿ ಹುಟ್ಟಿಸುತ್ತದೆ. ಅಲ್ಲಿನ ನಿಯಮದಂತೆ 11 ವರ್ಷದ ತನಕ ರ‍್ಯಾಂಕ್ ಪಟ್ಟಿ ಇಲ್ಲ. 13ರ ತನಕ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಸುಮ್ನೆ ಖುಷಿಗೆ ಆಡಲಿ ಅಂತ. ಆದರೂ ಸುಮಾರು 55 ಲಕ್ಷ ಜನರ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. (ಹಿಮದ ನಾಡು, ಅದೂ ನಿಜ ಅನ್ನಿ.) ಚೀನಾದಲ್ಲಿ ಆರೇಳು ವರ್ಷಕ್ಕೇ ಆಯ್ಕೆ ಶುರು. ಡೈವಿಂಗ್, ಜಿಮ್ನಾಸ್ಟಿಕ್ಸ್‌ಗೆ ಅದು ಫಲ ಕೊಡುತ್ತದೆ. ಪದಕ ಬಾರದಿದ್ದರೆ ಮಗುವಿನ ಓದೂ ಹಿಂದೆ ಬೀಳುವ ಅಪಾಯ. ಅಮೆರಿಕದಲ್ಲಿ ಸೋತರೂ ಕೈಯಲ್ಲೊಂದು ಡಿಗ್ರಿ ಇರುತ್ತದೆ, ಅಲ್ವಾ?

ಮಕ್ಕಳು ಹೆಚ್ಚು, ದುಡ್ಡು ಕಡಿಮೆ ಅಂದ್ರೆ ನಾರ್ವೆಯನ್ನು ನೋಡಿ. ಆಟಗಾರರಿಗೆ ಸೀಟು ಕೊಡುವ ಕಾಲೇಜು ಹತ್ತಿರದಲ್ಲಿದ್ದರೆ ಅಮೆರಿಕದ ದಾರಿ ಹೊಂದುತ್ತದೆ. ಹಾಸ್ಟೆಲ್, ಒಳ್ಳೆಯ ಕೋಚ್, ಸರ್ಕಾರದ ಬೆಂಬಲ ಮೂರೂ ಇದ್ದರೆ ಮಾತ್ರ ಚೀನಾದ್ದು. ಅದೂ ಜಿಮ್ನಾಸ್ಟಿಕ್ಸ್‌ನಂಥ ಆಟಕ್ಕೆ. ಕಬಡ್ಡಿಗೆ ಅಷ್ಟು ಅವಸರ ಬೇಡ.